ಅಮ್ಮನ ವಾಕಿಂಗ್ ಜೊತೆಗಾರ

ಹೊನ್ನಾಳಿಯ ಮನೆಗೆ ಹೋದಾಗಲೆಲ್ಲ ಅಮ್ಮನ ಶುಗರ್ ಪುಸ್ತಕ ನೋಡೋದು ನನ್ನ ಅಭ್ಯಾಸ. ಅಪ್ಪ ಹೋಗಿ ಆರು ವರ್ಷ, ಅಮ್ಮನಿಗೀಗ 56. ಖಾಲಿ ಹೊಟ್ಟೆಯ ಶುಗರ್ ಸದಾ 160ರ ಆಸುಪಾಸು. ಈ ದಸರಾಕ್ಕೆ ಹೋದಾಗ 124!

‘ಮಾತ್ರೆ ಬದಲಾಯ್ತಾ?’ ಅಂದೆ.

‘ಇಲ್ಲಪ್ಪ. ದಿನಾ ತುಂಗಭದ್ರಾ ಸೇತುವೆ ತನಕ ನಡೀತೀನಿ. ಜೊತೆಗೆ ಒಬ್ರು ಬರ್ತಾರೆ’ ಅಂದ್ಲು.

ಅವರು ನ್ಯಾಮತಿ ಮೂಲದ ನಿವೃತ್ತ ಮೇಷ್ಟ್ರು, ಈಗ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ಹೆಂಡತಿ ತೀರಿಕೊಂಡಿದ್ದಾರೆ. ಪರಿಚಯ ಆಗಿದ್ದು ರಕ್ತ ಪರೀಕ್ಷೆಯ ಸಾಲಲ್ಲಿ. ಹೋದ ಭಾನುವಾರ ಇಬ್ಬರೂ ಬಸ್ಸಲ್ಲಿ ಚನ್ನಗಿರಿ ತಾಲೂಕಿನ ಸೂಳೆಕೆರೆ ನೋಡಿಕೊಂಡು ಬಂದ್ರಂತೆ.

ನನ್ನ ಬಾಯಿಂದ ಬಂದಿದ್ದು ಒಂದೇ ಮಾತು: ‘ಜನ ಏನಂತಾರೆ?’

ಅಮ್ಮ ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ. ‘ಮೂರು ವರ್ಷದಿಂದ ನೀನು ಫೋನಲ್ಲಿ ಹುಡುಗಿ ಹುಡುಕ್ತಿದ್ದೀಯ. ನಾನೇನಾದ್ರೂ ಕೇಳಿದ್ನಾ?’

ರಾತ್ರಿ ನಿದ್ದೆ ಬರಲಿಲ್ಲ. ವಿಧವೆಯರ ಮರುಮದುವೆಗೆ ಕಾನೂನು ಒಪ್ಪಿದ್ದು 1856ರಲ್ಲಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಕನಿಷ್ಠ ವಯಸ್ಸಿದೆ, ಗರಿಷ್ಠ ಇಲ್ಲ. ಬೆಂಗಳೂರಲ್ಲಿ ಕೆಲಸ ಮಾಡೋ ಇಂಜಿನಿಯರ್ ನಾನೇ ಹಿಂದೆ ಉಳಿದಿದ್ದೆ. ವಾರಕ್ಕೆ 150 ನಿಮಿಷ ನಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಾನೂ ಫೋನಲ್ಲಿ ಅದನ್ನೇ ಹೇಳ್ತಿದ್ದೆ. ಆದರೆ ಅಮ್ಮನಿಗೆ ಬೇಕಿದ್ದುದು ಪಕ್ಕದಲ್ಲಿ ನಡೆಯೋ ಒಬ್ಬ ಮನುಷ್ಯ.

ವಿಷಯ ಗೊತ್ತಾದ ಮೇಲೆ ಜಗಳೂರಿನ ಅತ್ತೆ ಅಮ್ಮನ ಹತ್ರ ಮಾತು ಬಿಟ್ಟಿದ್ದಾರೆ. ಮದುವೆ ಗಿದುವೆ ಅಂತ ಅಮ್ಮ ಇನ್ನೂ ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಮರುದಿನ ಸಂಜೆ ಮೇಷ್ಟ್ರನ್ನ ಕಾಫಿಗೆ ಕರೆದೆ.

‘ಸಕ್ಕರೆ ಬೇಡ’ ಅಂತ ಇಬ್ಬರೂ ಒಟ್ಟಿಗೇ ಅಂದ್ರು.