15 ಸೆಕೆಂಡು, 100 ಕೋಟಿ

2008ರ ಸೆಪ್ಟೆಂಬರ್ 10ರಂದು ಟೈಮ್ಸ್ ನೌ ವಾಹಿನಿಯಲ್ಲಿ ಗಾಜಿಯಾಬಾದ್ ಭವಿಷ್ಯನಿಧಿ ಹಗರಣದ ಸುದ್ದಿ. ಅದರಲ್ಲಿ ಹೆಸರು ಕೇಳಿಬಂದಿದ್ದು ಒಬ್ಬ ನ್ಯಾಯಮೂರ್ತಿಯದು, ತೆರೆಯ ಮೇಲೆ ಮೂಡಿದ ಮುಖ ಇನ್ನೊಬ್ಬರದು: ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್. ಫೋಟೊ ಇದ್ದದ್ದು 15 ಸೆಕೆಂಡು. 2011ರಲ್ಲಿ ಪುಣೆ ನ್ಯಾಯಾಲಯ 100 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಮೊತ್ತ ಅತಿಯಾಯಿತು ಎಂದೇ ನನಗನಿಸುತ್ತದೆ. ಆದರೆ ಹೊಣೆಯ ವಿಷಯದಲ್ಲಿ ತಕರಾರಿಲ್ಲ.

ಏಕೆಂದರೆ ಸಿವಿಲ್ ಮಾನನಷ್ಟ ಮೊಕದ್ದಮೆಯಲ್ಲಿ ‘ಬೇಕೆಂದು ಮಾಡಿದ್ದಲ್ಲ’ ಎಂದರೆ ಸಾಮಾನ್ಯವಾಗಿ ಪಾರಾಗಲು ಆಗುವುದಿಲ್ಲ. ಆಡಿದ ಮಾತು ನಿಜವಾಗಿದ್ದರೆ ಮಾತ್ರ ಅದೊಂದೇ ಸಾಕು.

ಕ್ರಿಮಿನಲ್ ಕಟಕಟೆಯಲ್ಲಿ ಎರಡೂ ತಿರುವುಮುರುವು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ (ಹಿಂದಿನ ಐಪಿಸಿ 499, 500) ಹೆಸರು ಕೆಡಿಸುವ ಉದ್ದೇಶವೋ, ಕೆಡುತ್ತದೆಂಬ ಅರಿವೋ ಇರಬೇಕು. ಆದರೆ ನಿಜ ಹೇಳಿದರಷ್ಟೇ ಸಾಲದು, ಅದರಿಂದ ಸಾರ್ವಜನಿಕ ಹಿತವೂ ಆಗಬೇಕು. ಪಕ್ಕದ ಮನೆಯವರ ಹಳೇ ಸಾಲದ ನಿಜ ಕಥೆಯನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದವರು ಸಿವಿಲ್ ದಾವೆಯಲ್ಲಿ ಗೆದ್ದು, ಇಲ್ಲಿ ಸೋಲಬಹುದು. ಎರಡು ವರ್ಷದವರೆಗೆ ಸಜೆ ಇರುವ ಕಡೆಯೇ ಸತ್ಯಕ್ಕೆ ಬಲ ಕಡಿಮೆ! 2016ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು.

ರಾಜಕಾರಣಿಗಳಿಗೆ ಕ್ರಿಮಿನಲ್ ದಾರಿಯೇ ಅಚ್ಚುಮೆಚ್ಚು. ಕರ್ನಾಟಕದಲ್ಲಿ ಪರಿಹಾರದ ದಾವೆ ಹೂಡಿದರೆ ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು. ಕ್ರಿಮಿನಲ್ ಆದರೆ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಸಾಕು, ಆ ಖರ್ಚಿಲ್ಲ. ಎದುರಾಳಿ ದೂರದ ಊರಿಗೆ ಅಲೆಯುವುದು ಬೇರೆ. ರಾಹುಲ್ ಗಾಂಧಿ 2019ರಲ್ಲಿ ಭಾಷಣ ಮಾಡಿದ್ದು ಕೋಲಾರದಲ್ಲಿ, 2023ರಲ್ಲಿ ಶಿಕ್ಷೆಯಾದದ್ದು ಸೂರತ್‌ನಲ್ಲಿ. ಆ ತೀರ್ಪಿಗೆ ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಮಾನಹಾನಿಗೆ ದಾಯಾದಿಗಳೂ ಇದ್ದಾರೆ. ‘ಆ ಸೈಟಿನ ಮೇಲೆ ಕೇಸಿದೆ’ ಎಂಬ ಸುಳ್ಳಿಗೆ ಹೆದರಿ ಖರೀದಿದಾರರು ಅಡ್ವಾನ್ಸ್ ವಾಪಸ್ ಕೇಳಿದರೆ ಅದೂ ಸಿವಿಲ್ ತಪ್ಪೇ. ಆದರೆ ಅಲ್ಲಿ ದುರುದ್ದೇಶವನ್ನೂ ಆದ ನಷ್ಟವನ್ನೂ ಮಾಲೀಕರೇ ಸಾಬೀತು ಮಾಡಬೇಕು. ಸುಳ್ಳು ಕೇಸು ಹಾಕಿ ಅಲೆದಾಡಿಸಿದವರ ಮೇಲೂ ದಾವೆ ಹೂಡಬಹುದು, ಮೊದಲು ಆ ಕೇಸಿನಿಂದ ಖುಲಾಸೆಯಾಗಿ ಬರಬೇಕು.

ಮಾನನಷ್ಟದ ಸಿವಿಲ್ ದಾವೆಗೆ ಗಡುವು ಪ್ರಕಟವಾದ ದಿನದಿಂದ ಒಂದೇ ವರ್ಷ. ವಕೀಲರಿಂದ ನೋಟಿಸು ಕೊಡಿಸಿ ಉತ್ತರಕ್ಕೆ ಕಾಯುತ್ತ ಕೂತರೂ ಆ ಗಡುವು ನಿಲ್ಲುವುದಿಲ್ಲ.