ಯುದ್ಧಚಿತ್ರದ ಸಂಗೀತ

ಆಳಂದ ತಾಲ್ಲೂಕಿನ ಹಿರೋಳ್ಳಿಯಂಥ ಊರಿನಲ್ಲಿ ಹಬ್ಬದ ಮೆರವಣಿಗೆ ಹೊರಟಿತೆಂದು ಭಾವಿಸೋಣ. ದೂರದ ಹೊಲದಲ್ಲಿ ನಿಂತವನ ಕಿವಿಯನ್ನು ಮೊದಲು ಮುಟ್ಟುವುದು ಡೊಳ್ಳಿನ ಬಡಿತ. ಸನಾದಿಯ ಸ್ವರವು ಸ್ಪಷ್ಟವಾಗಬೇಕಾದರೆ ಮೆರವಣಿಗೆಯು ಸಮೀಪಿಸಬೇಕು. ಚಲಚ್ಚಿತ್ರದ ಸಂಗೀತಕಾರನು ರಣರಂಗವನ್ನು ನಮ್ಮ ಕಿವಿಗೆ ತಂದುಕೊಡುವುದು ಇಂಥ ನಿತ್ಯಾನುಭವದ ಬಲದಿಂದಲೇ.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ವೇಗದಲ್ಲಿ ಅಲೆಯಾಗಿ ಸಾಗುತ್ತದೆ. ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದ ಅತಿ ತಗ್ಗಿನ ಸ್ವರಕ್ಕೆ ಸೆಕೆಂಡಿಗೆ ಸುಮಾರು 41 ಕಂಪನಗಳು. ಅದರ ಅಲೆಯ ಉದ್ದ 8 ಮೀಟರಿಗೂ ಮಿಗಿಲು. ಪಿಟೀಲಿನ ಅತಿ ತಗ್ಗಿನ ಸ್ವರಕ್ಕೆ 196 ಕಂಪನಗಳು. ಅಲೆಯ ಉದ್ದ ಸುಮಾರು 1.7 ಮೀಟರು. ತಗ್ಗಿನ ಶಬ್ದವನ್ನು ಗಾಳಿಯು ಕಡಮೆ ಹೀರಿಕೊಳ್ಳುತ್ತದೆ. ಉದ್ದವಾದ ಅಲೆಯು ಗೋಡೆ ದಿಬ್ಬಗಳನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಆದುದರಿಂದಲೇ ದೂರದ ಫಿರಂಗಿಯು ಗುಡುಗಿನಂತೆ ಮೊರೆಯುತ್ತದೆ; ಹತ್ತಿರದ್ದು ಕಿವಿಗಡಚಿಕ್ಕುವಂತೆ ಸಿಡಿಯುತ್ತದೆ. ಭೇರಿಗಳನ್ನೂ ಡಬಲ್ ಬೇಸನ್ನೂ ಮೆಲ್ಲಗೆ ನುಡಿಸಿದರೆ ಶತ್ರುವು ಇನ್ನೂ ದೂರದಲ್ಲಿದ್ದಾನೆ ಎನಿಸುತ್ತದೆ. ಅವಕ್ಕೆ ತುತ್ತೂರಿಗಳ ತೀಕ್ಷ್ಣಸ್ವರವು ಕೂಡಿತೆಂದರೆ ಅವನು ಬಾಗಿಲಿಗೇ ಬಂದಂತೆ.

ಇನ್ನು ಕಾಲದ ಲೆಕ್ಕ. ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸರಿಯುತ್ತವೆ. ಸೈನಿಕರ ಸಾಮಾನ್ಯ ಶೀಘ್ರನಡೆ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಎಂದರೆ ಒಂದು ಹೆಜ್ಜೆಗೆ 12 ಚಿತ್ರಗಳು. ದೃಶ್ಯದ 30ನೆಯ ಸೆಕೆಂಡಿನಲ್ಲಿ ಬಾಂಬು ಸಿಡಿಯಬೇಕಾಗಿದ್ದರೆ, ಅಷ್ಟರಲ್ಲಿ 720 ಚಿತ್ರಗಳು ಸರಿದು 60 ಬಡಿತಗಳು ಮುಗಿದಿರಬೇಕು. ವಾದ್ಯವೃಂದದ ನಿರ್ದೇಶಕನು ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಟಿಕ್ ಟಿಕ್ ಎಂಬ ಸದ್ದನ್ನು ಕೇಳುತ್ತ ಆ ಲೆಕ್ಕ ತಪ್ಪದಂತೆ ಹಲವಾರು ವಾದಕರನ್ನು ನಡೆಸುತ್ತಾನೆ. ಅದೇ ಬಡಿತಕ್ಕೆ 24 ಚಿತ್ರಗಳಷ್ಟು ಕಾಲ ಕೊಟ್ಟರೆ ವೇಗವು ಅರ್ಧವಾಗುತ್ತದೆ, ವೀರನಡೆಯು ಶವಯಾತ್ರೆಯಾಗುತ್ತದೆ!

ಆದರೆ ಯುದ್ಧವೆಂದರೆ ಫಿರಂಗಿಯ ಸದ್ದು ಮಾತ್ರವಲ್ಲ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಮುತ್ತಿನ ಹಾರ’ (1990) ಕೊಡಗಿನ ಯೋಧನೊಬ್ಬನ ಕಥೆ. ವಿಷ್ಣುವರ್ಧನ್ ಮತ್ತು ಸುಹಾಸಿನಿ ಅಭಿನಯಿಸಿದ ಈ ಚಿತ್ರಕ್ಕೆ ಸಂಗೀತವನ್ನು ನೀಡಿದವರು ಹಂಸಲೇಖ. ಇದರಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಾದ ಎಂ. ಬಾಲಮುರಳಿಕೃಷ್ಣರು ಹಾಡಿದ ಗೀತೆಯು ಪ್ರೇಮವನ್ನು ಕುರಿತದ್ದು, ಕದನವನ್ನಲ್ಲ. ಮುನ್ನುಗ್ಗುವ ಸೇನೆಗೆ ಭೇರಿಯು ಹೇಗೋ, ಮನೆಯಲ್ಲಿ ಕಾಯುವವರಿಗೆ ಈ ಒಂಟಿ ಕಂಠವು ಹಾಗೆ.

ವಿದ್ಯಾರ್ಥಿಗಳು ಒಂದು ಸುಲಭವಾದ ಪ್ರಯೋಗವನ್ನು ಮಾಡಿ ನೋಡಬಹುದು. ಯಾವುದಾದರೂ ಯುದ್ಧದೃಶ್ಯವನ್ನು ಮೊದಲು ಧ್ವನಿಯಿಲ್ಲದೆ ನೋಡಿರಿ; ಬಳಿಕ ಕಣ್ಣು ಮುಚ್ಚಿ ಧ್ವನಿಯನ್ನು ಮಾತ್ರ ಕೇಳಿರಿ. ಎದೆಯನ್ನು ಹೆಚ್ಚು ಬಡಿಸಿದುದು ಯಾವುದೆಂಬುದು ಆಗ ತಿಳಿಯುತ್ತದೆ. ಸಾವನ್ನು ಸಂಭ್ರಮವಾಗಿಸಬಲ್ಲ ಶಕ್ತಿಯೂ ಸಂಗೀತಕ್ಕುಂಟು, ಸತ್ತವನಿಗಾಗಿ ಅಳಿಸಬಲ್ಲ ಶಕ್ತಿಯೂ ಉಂಟು. ಬಡಿತದ ಲೆಕ್ಕವನ್ನರಿತವನು ಅದಕ್ಕೆ ಸುಮ್ಮನೆ ಮರುಳಾಗದೆ, ಭೇರಿಯು ಯಾರ ಪರವಾಗಿ ನುಡಿಯುತ್ತಿದೆಯೆಂದು ಕೇಳಬಲ್ಲನು.