ಕಠಿಣ ಗುಂಪು ಎಂದರೇನು? ಭಾರತದ ಮೂರು ಅಂಕಪಟ್ಟಿಗಳು ಹೇಳುವ ಕಥೆ

ದೊಡ್ಡ ಫುಟ್ಬಾಲ್ ಪಂದ್ಯಾವಳಿಯ ಗುಂಪುಗಳು ಪ್ರಕಟವಾದ ದಿನವೇ ‘ನಮ್ಮದು ಕಠಿಣ ಗುಂಪು’ ಎಂಬ ಮಾತು ಕೇಳಿಬರುವುದು ವಾಡಿಕೆ. ಬಲಾಢ್ಯ ತಂಡಗಳೇ ಒಂದೆಡೆ ಸೇರಿದರಂತೂ ಅದಕ್ಕೆ ‘ಸಾವಿನ ಗುಂಪು’ ಎಂಬ ಬಿರುದು ಸಿದ್ಧ. ಆದರೆ ಗುಂಪು ಕಠಿಣವೋ ಸುಲಭವೋ ಎಂಬುದು ಎದುರಾಳಿಗಳ ಹೆಸರಿನಿಂದಷ್ಟೇ ತಿಳಿಯುವುದಿಲ್ಲ. ಆ ಗುಂಪಿನಿಂದ ಎಷ್ಟು ತಂಡಗಳು ಮುಂದಿನ ಹಂತಕ್ಕೆ ಹೋಗಬಹುದು ಎಂಬ ನಿಯಮವನ್ನೂ ನೋಡಬೇಕಾಗುತ್ತದೆ. ಬೇರೆ ಬೇರೆ ಕಾಲದಲ್ಲಿ ಭಾರತ ಆಡಿದ ಮೂರು ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ರೋಮ್: ಒಂದೇ ಬಾಗಿಲು

1960ರ ರೋಮ್ ಒಲಿಂಪಿಕ್ಸ್‌ನಲ್ಲಿ 16 ತಂಡಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಪ್ರತಿ ಗುಂಪಿನ ಅಗ್ರಸ್ಥಾನಿಗೆ ಮಾತ್ರ ಸೆಮಿಫೈನಲ್ ಪ್ರವೇಶ. ಭಾರತದ ಪಾಲಿಗೆ ಬಂದವರು ಹಂಗರಿ, ಫ್ರಾನ್ಸ್ ಮತ್ತು ಪೆರು. ಸೈಯದ್ ಅಬ್ದುಲ್ ರಹೀಂ ತರಬೇತುದಾರರಾಗಿದ್ದ ತಂಡಕ್ಕೆ ಪಿ.ಕೆ. ಬ್ಯಾನರ್ಜಿ ನಾಯಕ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಿದ್ದ ತಂಡದ ಸದಸ್ಯ, ಬೆಂಗಳೂರಿನ ಕೆಂಪಯ್ಯ ಅವರೂ ಈ ತಂಡದಲ್ಲಿದ್ದರು.

ಮುಂದೆ ಕಂಚಿನ ಪದಕ ಗೆದ್ದ ಹಂಗರಿಯ ಎದುರು ಭಾರತ ಸೋತದ್ದು 1-2 ಗೋಲುಗಳ ಅಲ್ಪ ಅಂತರದಿಂದ. ಅದೇ ಹಂಗರಿ ಪೆರು ತಂಡವನ್ನು 6-2ರಿಂದ, ಫ್ರಾನ್ಸನ್ನು 7-0ರಿಂದ ಬಗ್ಗುಬಡಿದಿತ್ತು. ಫ್ರಾನ್ಸ್ ವಿರುದ್ಧ ಬ್ಯಾನರ್ಜಿ ಬಾರಿಸಿದ ಗೋಲಿನಿಂದ ಭಾರತ ಮುನ್ನಡೆ ಪಡೆದಿತ್ತಾದರೂ ಕೊನೆಯ ಹತ್ತು ನಿಮಿಷಗಳೊಳಗೆ ಫ್ರಾನ್ಸ್ ಗೋಲು ಹಿಂದಿರುಗಿಸಿ ಪಂದ್ಯವನ್ನು 1-1ರಲ್ಲಿ ಸಮ ಮಾಡಿಕೊಂಡಿತು. ಪೆರು ವಿರುದ್ಧ 1-3ರ ಸೋಲು. ಒಂದೇ ಅಂಕದೊಂದಿಗೆ ಭಾರತ ಗುಂಪಿನ ಕೊನೆಯ ಸ್ಥಾನಕ್ಕೆ ಸರಿಯಿತು.

ಗಮನಿಸಬೇಕಾದ ಅಂಶವೆಂದರೆ, ಫ್ರಾನ್ಸ್ ಮತ್ತು ಪೆರು ಎರಡನ್ನೂ ಮಣಿಸಿದ್ದರೂ ಭಾರತ ಮನೆಗೆ ಮರಳಬೇಕಾಗುತ್ತಿತ್ತು. ಮೂರೂ ಪಂದ್ಯ ಗೆದ್ದ ಹಂಗರಿಗೆ ಆ ಒಂದು ಬಾಗಿಲು ಮೀಸಲಾಗಿತ್ತು.

ಕತಾರ್: ತೆರೆದಿದ್ದ ಬಾಗಿಲು

ಕತಾರ್‌ನಲ್ಲಿ 2024ರ ಜನವರಿ-ಫೆಬ್ರವರಿಯಲ್ಲಿ ನಡೆದ ಏಷ್ಯಾ ಕಪ್‌ನ ನಿಯಮವೇ ಬೇರೆ. 24 ತಂಡಗಳು, ಆರು ಗುಂಪುಗಳು. ಪ್ರತಿ ಗುಂಪಿನ ಮೊದಲ ಎರಡು ತಂಡಗಳಲ್ಲದೆ, ಮೂರನೇ ಸ್ಥಾನ ಪಡೆದ ಆರು ತಂಡಗಳ ಪೈಕಿ ಉತ್ತಮ ಸಾಧನೆಯ ನಾಲ್ಕಕ್ಕೂ ಹದಿನಾರರ ಘಟ್ಟದಲ್ಲಿ ಸ್ಥಾನ.

ಗುಂಪು ವಿಂಗಡಣೆಗೆ ಮುನ್ನ ತಂಡಗಳನ್ನು ವಿಶ್ವ ಶ್ರೇಯಾಂಕದ ಅನುಸಾರ ನಾಲ್ಕು ಶ್ರೇಣಿಗಳಾಗಿ ಬೇರ್ಪಡಿಸಿ, ಒಂದೊಂದು ಶ್ರೇಣಿಯಿಂದ ಒಂದೊಂದು ಚೀಟಿ ಎತ್ತಲಾಗುತ್ತದೆ. ಕೊನೆಯ ಶ್ರೇಣಿಯಲ್ಲಿದ್ದ ಭಾರತಕ್ಕೆ ಮೂವರೂ ತನಗಿಂತ ಮೇಲಿನ ಶ್ರೇಣಿಯ ಎದುರಾಳಿಗಳೇ ಸಿಗುವುದು ಅನಿವಾರ್ಯವಾಗಿತ್ತು. ಸಿಕ್ಕವರು ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ ಮತ್ತು ಸಿರಿಯಾ.

ಆಗ ಬೆಂಗಳೂರು ಎಫ್‌ಸಿ ಪರ ಆಡುತ್ತಿದ್ದ ಸುನಿಲ್ ಚೆಟ್ರಿ ನಾಯಕತ್ವದ ತಂಡ ಆಸ್ಟ್ರೇಲಿಯಾಕ್ಕೆ 0-2ರಿಂದ, ಉಜ್ಬೇಕಿಸ್ತಾನಕ್ಕೆ 0-3ರಿಂದ ಶರಣಾಯಿತು. ಆದರೂ ಆಸೆ ಬತ್ತಿರಲಿಲ್ಲ. ಜನವರಿ 23ರಂದು ಸಿರಿಯಾ ವಿರುದ್ಧದ ಪಂದ್ಯದಲ್ಲಿ 76ನೇ ನಿಮಿಷದವರೆಗೂ ಯಾರೂ ಗೋಲು ಗಳಿಸಿರಲಿಲ್ಲ. ಆಗ ಒಮರ್ ಖ್ರಿಬಿನ್ ಹೊಡೆದ ಚೆಂಡು ಗೋಲುಪೆಟ್ಟಿಗೆ ಸೇರಿತು. ಒಂದೂ ಗೋಲು, ಒಂದೂ ಅಂಕವಿಲ್ಲದೆ ಭಾರತ ಹೊರಬಿತ್ತು.

ಇಲ್ಲೊಂದು ಲೆಕ್ಕವಿದೆ. ಇತರ ಗುಂಪುಗಳಲ್ಲಿ ಮೂರನೇ ಸ್ಥಾನ ಪಡೆದ ಚೀನಾ ಮತ್ತು ಒಮಾನ್ ಗಳಿಸಿದ್ದು ತಲಾ ಎರಡು ಅಂಕ. ಮೂರು ಅಂಕ ಪಡೆದ ಇಂಡೊನೇಷ್ಯಾ ಮುಂದೆ ಹೋಯಿತು. ಅಂದರೆ ಸಿರಿಯಾವನ್ನು ಒಂದೇ ಗೋಲಿನಿಂದ ಮಣಿಸಿದ್ದರೂ ಮೂರು ಅಂಕಗಳೊಂದಿಗೆ ಭಾರತ ಹದಿನಾರರ ಘಟ್ಟ ತಲುಪುತ್ತಿತ್ತು! ಕೊನೆಯ ಶ್ರೇಣಿಯ ಆರು ತಂಡಗಳಲ್ಲಿ ಇಂಡೊನೇಷ್ಯಾ, ಥಾಯ್ಲೆಂಡ್ ಮತ್ತು ತಜಿಕಿಸ್ತಾನ ಈ ಹಂತ ದಾಟಿದವು. ಮೊದಲ ಬಾರಿ ಏಷ್ಯಾ ಕಪ್ ಆಡಿದ ತಜಿಕಿಸ್ತಾನ ಕ್ವಾರ್ಟರ್ ಫೈನಲ್‌ವರೆಗೂ ಸಾಗಿತು.

‘ಸುಲಭ’ ಗುಂಪಿನ ಪೆಟ್ಟು

2027ರ ಏಷ್ಯಾ ಕಪ್‌ನ ಅರ್ಹತಾ ಸುತ್ತಿನ ಅಂತಿಮ ಹಂತದಲ್ಲಿ ಭಾರತಕ್ಕೆ ಎದುರಾದವರು ಸಿಂಗಪುರ, ಹಾಂಗ್‌ಕಾಂಗ್ ಮತ್ತು ಬಾಂಗ್ಲಾದೇಶ. ಈ ಗುಂಪನ್ನು ಯಾರೂ ಸಾವಿನ ಗುಂಪು ಎನ್ನಲಿಲ್ಲ. ಆದರೆ ನಿಯಮ ರೋಮ್‌ನದ್ದೇ: ಅಗ್ರಸ್ಥಾನಿಗೆ ಮಾತ್ರ ಅರ್ಹತೆ. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದೊಂದಿಗೆ ಗೋಲುರಹಿತ ಡ್ರಾ, ಜೂನ್‌ನಲ್ಲಿ ಹಾಂಗ್‌ಕಾಂಗ್‌ಗೆ 0-1ರ ಸೋಲು. ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರ 2-1ರಿಂದ ಗೆದ್ದಾಗ ಭಾರತದ ಹಾದಿ ಮುಚ್ಚಿತು.

ರೋಮ್‌ನ ತಂಡ ಕೊನೆಯ ಸ್ಥಾನ ಪಡೆದರೂ ಇಂದಿಗೂ ಗೌರವದಿಂದ ನೆನೆಯಲ್ಪಡುವುದಕ್ಕೆ ಆ ಅಂಕಪಟ್ಟಿಯೇ ಕಾರಣ ಹೇಳುತ್ತದೆ. ಅಂದು ಎದುರಾಳಿಗಳೂ ಪ್ರಬಲರು, ದಾರಿಯೂ ಕಿರಿದು. ಕತಾರ್‌ನಲ್ಲಿ ದಾರಿ ಅಗಲವಾಗಿತ್ತು, ಗೋವಾದಲ್ಲಿ ಎದುರಾಳಿ ಎಟುಕುವಂತಿದ್ದರು. ಮುಂದಿನ ಬಾರಿ ಗುಂಪುಗಳು ಪ್ರಕಟವಾದಾಗ ಅಭಿಮಾನಿಗಳು ಎದುರಾಳಿಗಳ ಹೆಸರಿನೊಂದಿಗೆ ಇನ್ನೊಂದು ಸಾಲನ್ನೂ ಓದಬೇಕು: ಇಲ್ಲಿಂದ ಎಷ್ಟು ತಂಡಗಳು ಮುಂದೆ ಹೋಗುತ್ತವೆ?